ಕತ್ತರಿ: ದೇಜಬ್ಬ

ಮನಾಮದ ಸೂಕಿನಲ್ಲಿ ನನ್ನದು ಎಂಟಡಿ ಅಂಗಡಿ.
ಮೂರು ಗೋಡೆಗೂ ಬಟ್ಟೆಯ ಥಾನು, ನಾಲ್ಕನೆಯದು ಬಾಗಿಲು.
ಖಲ್ಫಾನ್ ಬಂದು ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದ.
ಸದ್ದು ಹೋಗಿ ಟೆರಿಲೀನಿನೊಳಗೆ ಮುಖ ಮರೆಸಿಕೊಂಡಿತು,
ತಿರುಗಿ ಬರಲೇ ಇಲ್ಲ.
“ಇಲ್ಲೇ,” ಅಂದ. “ಇದೇ ನಮ್ಮ ಸ್ಟುಡಿಯೋ.”

ನಾನೋ ಮೂಲ್ಕಿಯ ದೇಜಪ್ಪ. ಅಳತೆ ಗೊತ್ತು, ಹಾಡು ಗೊತ್ತಿಲ್ಲ.
ಬ್ಯಾಂಡಿನ ನಾಲ್ವರಿಗೂ ಕಾಲರಿಲ್ಲದ ಕೋಟು ಹೊಲಿದವನು ನಾನೇ.
ಅರ್ಧ ದುಡ್ಡು ರೂಪಾಯಿಯಲ್ಲಿ ಬಂದಿತ್ತು;
ಆಮೇಲೆ ರೂಪಾಯಿ ಹೋಗಿ ದಿನಾರ್ ಬಂತು,
ಉಳಿದರ್ಧ ಬರಲಿಲ್ಲ.

ಅರುವತ್ತಾರರ ಮೇ, ಗುರುವಾರ ರಾತ್ರಿ.
ಫ್ಯಾನ್ ನಿಲ್ಲಿಸಬೇಕು, ಇಲ್ಲವಾದರೆ ಟೇಪಿನೊಳಗೆ ಗಾಳಿ ನುಗ್ಗುತ್ತದೆ.
ಅವಾಲಿಯ ಸಾಹೇಬನೊಬ್ಬ ಕೊಟ್ಟ ಯಂತ್ರ, ಎರಡು ಚಕ್ರ,
ಒಂದು ತುಂಬುತ್ತ, ಇನ್ನೊಂದು ಬರಿದಾಗುತ್ತ.
ಫರಾಮರ್ಜನ ಬೆವರು ಆರ್ಗನ್ನಿನ ಬಿಳಿ ಮನೆಗಳ ಮೇಲೆ ತೊಟ್ಟಿಕ್ಕಿ
ಬೆರಳು ಜಾರಿ ಒಂದು ತಪ್ಪು ಸ್ವರ.
ಅದು ಚೆನ್ನಾಗಿತ್ತು. ಇರಲಿ ಅಂದರು.
ಮೊದಲ ಸಲ ಇಶಾದ ಬಾಂಗು, ಕಾದರು.
ಎರಡನೆಯ ಸಲ ಬೀದಿಯಲ್ಲಿ ಕತ್ತೆ.
ಮೂರನೆಯದಕ್ಕೆ ಮೊದಲೇ ಜೀಪು ಬಂದು
ಡ್ರಮ್ಮಿನ ಕಾಯ್ತಾನನನ್ನು ರಾತ್ರಿಪಾಳಿಗೆ ಎತ್ತಿಕೊಂಡು ಹೋಯಿತು:
ರಿಫೈನರಿಯಲ್ಲಿ ಯಾವುದೋ ವಾಲ್ವು ಸೋರುತ್ತಿತ್ತಂತೆ.

ತಾಳವಿಲ್ಲದೆ ಎಲ್ಲರೂ ಸುಮ್ಮನೆ ಕೂತರು.
ನಾನು ಮೂಲೆಯಲ್ಲಿ ಯಾರದೋ ಪ್ಯಾಂಟಿನ ಬಟ್ಟೆ ಕತ್ತರಿಸುತ್ತಿದ್ದೆ.
ಕಚ್. ಕಚ್‌ಕಚ್.
ಖಲ್ಫಾನ್ ನಿಧಾನಕ್ಕೆ ತಲೆಯೆತ್ತಿದ.
ಬಾಕಿಯಿದ್ದವನು ನನ್ನ ಕಣ್ಣಿಗೆ ಕಣ್ಣಿಟ್ಟದ್ದು ಅಂದೇ ಮೊದಲು.

ಮೈಕನ್ನು ನನ್ನ ಮೊಣಕಾಲಿಗೆ ಕಟ್ಟಿದರು.
ಎರಡು ನಿಮಿಷ ನಲವತ್ತು ಸೆಕೆಂಡು ಬರೀ ಗಾಳಿ ಕತ್ತರಿಸಿದೆ.
ಹಾಡು ಇದ್ದದ್ದು ಮುಹರ್ರಕ್ ಸೇತುವೆಯ ಬಸ್ಸಿನ ಬಗ್ಗೆ,
ಕಿಟಕಿಯಲ್ಲಿ ಕಂಡ ಒಂದು ಕೈಯ ಬಗ್ಗೆ. ಅಷ್ಟೇ. ಮುಖವಿಲ್ಲ.

ಟೇಪು ಸ್ಟೀಮರಿನಲ್ಲಿ ಕರಾಚಿಗೆ ಹೋಯಿತು,
ಮುನ್ನೂರು ತಟ್ಟೆಯಾಗಿ ಆಗಸ್ಟಿನಲ್ಲಿ ಮರಳಿತು.
ಕಸ್ಟಮ್ಸಿನ ಗುಮಾಸ್ತ ತಮ್ಮನ ಮದುವೆಗೆ ಹೋಗಿದ್ದ;
ಹತ್ತೊಂಬತ್ತು ದಿನ ತಗಡಿನ ಶೆಡ್ಡು.
ಪೆಟ್ಟಿಗೆ ಒಡೆದರೆ ಒಂದೊಂದೂ ಎಣ್ಣೆಗೆ ಬಿದ್ದ ಹಪ್ಪಳ.
ನಡುವಿನ ಹಸಿರು ಚೀಟಿಯಲ್ಲಿ ಎಲ್ಲರ ಹೆಸರು,
ಕೊನೆಗೆ ಸಣ್ಣ ಅಕ್ಷರದಲ್ಲಿ, ಕತ್ತರಿ: ದೇಜಬ್ಬ.
ಅರಬಿಯಲ್ಲಿ ಪಕಾರವಿಲ್ಲ, ತಪ್ಪು ಯಾರದ್ದೂ ಅಲ್ಲ.
ಮುಂದೆ ಊರಿಗೆ ಹೋದಾಗ ಮೀನಿನ ಮೋನಬ್ಬ ನಕ್ಕಿದ್ದ,
“ಅಂತೂ ನಮ್ಮವನಾದೆಯಲ್ಲ ಮಾರಾಯ!”

ಇಸ್ತ್ರಿ ಇಟ್ಟು ನೋಡುವಾ ಅಂದೆ. ನನ್ನ ವಿದ್ಯೆ ಅದೊಂದೇ.
ಒದ್ದೆ ಬಟ್ಟೆ ಹಾಸಿ, ಮೇಲೆ ಕೆಂಡದ ಪೆಟ್ಟಿಗೆ.
ಹಾಡು ಒಮ್ಮೆ ನಿಟ್ಟುಸಿರಿಟ್ಟು ಬಟ್ಟಲಾಯಿತು.
ಖಲ್ಫಾನ್ ಬಯ್ಯಲೂ ಇಲ್ಲ.
ಇನ್ನೊಂದು ಹಪ್ಪಳವನ್ನು ಹಾಗೇ ಬಗಲಲ್ಲಿಟ್ಟು ಮನೆಗೆ ನಡೆದ,
ಹಿಂದೆ ನಾನು.

ಅವನಜ್ಜ ಮುತ್ತಿಗೆ ಮುಳುಗಿದವನು,
ಕಿವಿ ಎರಡನ್ನೂ ಕಡಲಿಗೆ ಕೊಟ್ಟವನು.
ಗ್ರಾಮಫೋನಿನ ಮುಳ್ಳು ಏರಿತು, ಇಳಿಯಿತು,
ಮೊಮ್ಮಗನ ದನಿ ಅಲೆಯ ಮೇಲೆ, ಅಲೆಯ ಕೆಳಗೆ,
ಸೇತುವೆಯ ಬಸ್ಸು ಹೊಯ್ದಾಡುವ ದೋಣಿ.
ಮುದುಕ ಪೆಟ್ಟಿಗೆಗೆ ಅಂಗೈ ಊರಿ ಕೂತಿದ್ದ.
“ಮೊದಲು ಮಾಳಿಗೆಯಲ್ಲಿ ಕುಣಿಯುತ್ತಿದ್ದಿರಲ್ಲ,
ಅದರಲ್ಲಿ ನೀರಿರಲಿಲ್ಲ. ಈಗಿದೆ.”
ಸ್ವಲ್ಪ ಹೊತ್ತು ಬಿಟ್ಟು ಕೇಳಿದ,
“ಹಗ್ಗ ಕೊಯ್ಯುತ್ತಿರುವವನು ಯಾರು?”

ನಾನು ಕೈ ಹಿಂದಕ್ಕೆ ಕಟ್ಟಿಕೊಂಡೆ.

ಮಾರಿದ್ದು ನಲವತ್ತೊಂದು. ಕೋಟಿನ ಬಾಕಿಗೆ ನನಗೆ ಇಪ್ಪತ್ತು ಸಿಕ್ಕವು,
ಗೆದ್ದಲೂ ಮೂಸದ ಸೊತ್ತು.
ಬಟ್ಟಲಾದದ್ದು ಮಾತ್ರ ಹೊಲಿಗೆಯಂತ್ರದ ಪಕ್ಕದಲ್ಲೇ ಇದೆ;
ನಡುವಿನ ತೂತಿಗೆ ಚಿಂದಿ ತುರುಕಿ ಗುಂಡಿ ಹಾಕಿಡುತ್ತೇನೆ.
ನಾಲ್ಕು ಕಣ್ಣಿನದ್ದು ಬೇಕೆಂದು ತಡಕಾಡುವಾಗ
ಬೆರಳ ತುದಿಗೆ ಆ ಗೆರೆ ಸಿಗುತ್ತದೆ,
ಸುತ್ತಿ ಸುತ್ತಿ ಒಳಗೆ ಹೋಗುವ ಗೆರೆ.
ಗಿರಾಕಿ ಅಂಗಿ ಬಿಚ್ಚಿ ಕಾಯುತ್ತಿರುತ್ತಾನೆ.